‘ಮೈನರ್ ಸಿಕ್ಸ್ತ್ ಕಾರ್ಡ್’: ಇಲ್ಲಿ ಮೈನರ್ ಆಗಿರುವುದು ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಗಿಟಾರಿನಂಥ ನಾಲ್ಕು ತಂತಿಯ ಪುಟ್ಟ ವಾದ್ಯವಾದ ಉಕುಲೆಲೆಯನ್ನು ಕಲಿಯುವವರಿಗಾಗಿ ಕನ್ನಡದಲ್ಲಿ ಪಾಠಗಳನ್ನು ಬರೆಯುತ್ತಿದ್ದೇನೆ. ಕಾರ್ಡ್ ಎಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು. ಮೇಜರ್, ಮೈನರ್, ಸೆವೆಂತ್ ಕಾರ್ಡ್‌ಗಳವರೆಗೆ ತೊಡಕು ಇರಲಿಲ್ಲ; ಆ ಹೆಸರುಗಳನ್ನೇ ಕನ್ನಡ ಲಿಪಿಯಲ್ಲಿ ಬರೆದರೆ ಸಾಕಾಗುತ್ತಿತ್ತು. ‘ಮೈನರ್ ಸಿಕ್ಸ್ತ್ ಕಾರ್ಡ್’ ಬಂದಾಗ ಮಾತ್ರ ಅಷ್ಟು ಸಾಲದು ಎನ್ನಿಸುತ್ತಿದೆ. ಈ ಹೆಸರನ್ನು ನಂಬಿ ಬೆರಳಿಟ್ಟವರು ಬೇರೊಂದು ಕಾರ್ಡನ್ನೇ ನುಡಿಸುವ ಅಪಾಯವಿದೆ.

ತೊಡಕು ಇರುವುದು ಇಲ್ಲಿ. ‘ಮೈನರ್ ಸಿಕ್ಸ್ತ್’ ಎಂಬುದು ಒಂದು ಸ್ವರಾಂತರದ, ಅಂದರೆ ಎರಡು ಸ್ವರಗಳ ನಡುವಿನ ದೂರದ, ಹೆಸರೂ ಹೌದು, ಒಂದು ಕಾರ್ಡಿನ ಹೆಸರೂ ಹೌದು. ಸ್ವರಾಂತರವಾದರೆ ಅದು ಷಡ್ಜದಿಂದ 8 ಅರ್ಧಸ್ವರಗಳ ದೂರ (ಅರ್ಧಸ್ವರವೆಂದರೆ ಪಕ್ಕಪಕ್ಕದ ಎರಡು ಸ್ವರಸ್ಥಾನಗಳ ನಡುವಿನ ದೂರ). ಕಾರ್ಡ್ ಆದರೆ ಮೈನರ್ ಕಾರ್ಡಿನ ಮೂರು ಸ್ವರಗಳ ಜೊತೆಗೆ ಆರನೆಯ ಸ್ವರವೊಂದು ಸೇರುತ್ತದೆ. ಆದರೆ ಆ ಆರನೆಯದು ಇರುವುದು 9 ಅರ್ಧಸ್ವರಗಳ ದೂರದಲ್ಲಿ, ಅಂದರೆ ಅದು ಮೇಜರ್ ಸಿಕ್ಸ್ತ್! ‘ಹಳೆಯ ಮರದ ಬಾಗಿಲು’ ಎಂದಾಗ ಹಳೆಯದು ಮರವೋ ಬಾಗಿಲೋ ಎಂಬ ಸಂದೇಹ ಹುಟ್ಟುವಂತೆ, ಇಲ್ಲಿ ‘ಮೈನರ್’ ಯಾವುದರ ವಿಶೇಷಣ ಎಂಬುದು ಹೆಸರಿನಿಂದ ತಿಳಿಯುವುದಿಲ್ಲ. ಅದು ಕಾರ್ಡಿನ ವಿಶೇಷಣ. ಮೂರನೆಯ ಸ್ವರವಾದ ಗಾಂಧಾರ ಕೆಳಗಿನದು ಎಂದಷ್ಟೇ ಅದು ಹೇಳುತ್ತದೆ, ಆರನೆಯದಾದ ಧೈವತದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಇದು ಬರಿಯ ಪದದ ಜಗಳವಲ್ಲ, ಕೈಗೆ ಸಿಗುವ ವ್ಯತ್ಯಾಸ. ಉಕುಲೆಲೆಯ ನಾಲ್ಕು ತಂತಿಗಳನ್ನು ಸಾಮಾನ್ಯವಾಗಿ ಜಿ, ಸಿ, ಇ, ಎ ಎಂದು ಶ್ರುತಿ ಮಾಡುತ್ತಾರೆ. ಇದೇ ಕ್ರಮದಲ್ಲಿ, ವಾದ್ಯದ ಕುತ್ತಿಗೆಯ ಅಡ್ಡಪಟ್ಟಿಗಳಾದ 2, 2, 1, 2ನೆಯ ಫ್ರೆಟ್‌ಗಳನ್ನು ಒತ್ತಿದರೆ ಡಿ ಮೈನರ್ ಸಿಕ್ಸ್ತ್ ಕಾರ್ಡ್. ‘ಡಿ’ಯನ್ನು ಷಡ್ಜವೆಂದುಕೊಂಡರೆ ಆ ತಂತಿಗಳಲ್ಲಿ ಕ್ರಮವಾಗಿ ಕೇಳುವುದು, ಕರ್ನಾಟಕ ಪದ್ಧತಿಯ ಹೆಸರುಗಳಲ್ಲಿ, ಪಂಚಮ, ಷಡ್ಜ, ಸಾಧಾರಣ ಗಾಂಧಾರ, ಚತುಃಶ್ರುತಿ ಧೈವತ (9 ಅರ್ಧಸ್ವರ ಮೇಲಿನದು). ವಾಡಿಕೆಯ ಶ್ರುತಿಯಲ್ಲಿ ಜಿ ತಂತಿ ಎತ್ತರದ ಸ್ಥಾಯಿಯಲ್ಲಿರುವುದರಿಂದ ಎಲ್ಲಕ್ಕಿಂತ ತಗ್ಗಿನ ದನಿ ಸಿ ತಂತಿಯ ಷಡ್ಜದ್ದೇ ಆಗುತ್ತದೆ. ಹಾಗಾಗಿ ಈ ಹಿಡಿತ ಬಹಳ ತೃಪ್ತಿಕರವಾಗಿ ಕೇಳಿಸುತ್ತದೆ. ಈಗ ‘ಮೈನರ್’ ಎಂಬುದನ್ನು ಆರನೆಯ ಸ್ವರಕ್ಕೆ ಅಂಟಿಸಿ, ಎ ತಂತಿಯ ಬೆರಳನ್ನು ಒಂದು ಫ್ರೆಟ್ ಹಿಂದಕ್ಕೆ ತನ್ನಿ: 2, 2, 1, 1. ಧೈವತ ಶುದ್ಧ ಧೈವತವಾಯಿತು (8 ಅರ್ಧಸ್ವರ ಮೇಲಿನದು), ಕಾರ್ಡ್ ಬಿ ಫ್ಲಾಟ್ ಮೇಜರ್ ಸೆವೆಂತ್ ಆಯಿತು. ಕೇಳಲು ಅದೂ ಇಂಪಾಗಿಯೇ ಇದೆ. ಅದಕ್ಕಾಗಿಯೇ ತಪ್ಪಾಗಿದೆ ಎಂದು ಕಿವಿ ಎಚ್ಚರಿಸುವುದಿಲ್ಲ.

ನಿಜವಾದ ಧೈವತ ಯಾವುದೆಂದು ಮನಗಾಣಿಸಲು ಒಂದು ಒಳ್ಳೆಯ ಅಭ್ಯಾಸವಿದೆ. ಮೊದಲ ಮೂರು ತಂತಿಗಳನ್ನು 2, 2, 1ರಲ್ಲಿ ಅಲುಗಾಡದಂತೆ ಹಿಡಿದು, ಕಿರುಬೆರಳನ್ನು ಎ ತಂತಿಯ 5ನೆಯ ಫ್ರೆಟ್‌ನಲ್ಲಿಡಬೇಕು: ಮೇಲಿನ ಷಡ್ಜ, ಡಿ ಮೈನರ್. ಬೆರಳು 4ಕ್ಕೆ ಇಳಿದರೆ ಕಾಕಲಿ ನಿಷಾದ, ಡಿ ಮೈನರ್ ಮೇಜರ್ ಸೆವೆಂತ್. 3ಕ್ಕೆ ಇಳಿದರೆ ಕೈಶಿಕಿ ನಿಷಾದ, ಡಿ ಮೈನರ್ ಸೆವೆಂತ್. 2ಕ್ಕೆ ಬಂದಾಗ ಚತುಃಶ್ರುತಿ ಧೈವತ, ನಮ್ಮ ಕಾರ್ಡ್. ಈ ಇಳಿತವನ್ನು ನಿಧಾನವಾಗಿ ನುಡಿಸಿದವರಿಗೆ ಆ ನಾಲ್ಕನೆಯ ಹೆಜ್ಜೆಯ ಬಣ್ಣ ಮರೆಯುವುದಿಲ್ಲ. ಕರ್ನಾಟಕ ಸಂಗೀತ ಬಲ್ಲವರಿಗಾದರೆ ಇನ್ನೂ ಸುಲಭ: ಈ ಕಾರ್ಡಿನ ನಾಲ್ಕೂ ಸ್ವರಗಳು ಖರಹರಪ್ರಿಯ ರಾಗದಲ್ಲಿವೆ, ನಠಭೈರವಿ ರಾಗದಲ್ಲಿ ಈ ಧೈವತ ಇಲ್ಲ.

ಹಾಗಾದರೆ ಸ್ವರದ ಹೆಸರಿನಿಂದಲೇ ಕರೆಯೋಣವೆಂದರೆ ಅಲ್ಲಿಯೂ ಒಂದು ಅಡ್ಡಿ. ಕರ್ನಾಟಕ ಪದ್ಧತಿಯಲ್ಲಿ ಶುದ್ಧ ಧೈವತವೆಂದರೆ 8 ಅರ್ಧಸ್ವರ ಮೇಲಿನದು. ಹಿಂದೂಸ್ತಾನಿಯಲ್ಲಿ ಅದೇ ಹೆಸರು 9 ಅರ್ಧಸ್ವರ ಮೇಲಿನದಕ್ಕೆ, ಕೆಳಗಿನದು ಕೋಮಲ ಧೈವತ. ಎರಡೂ ಪದ್ಧತಿಗಳ ಓದುಗರು ಕನ್ನಡದಲ್ಲಿ ಇರುವಾಗ ‘ಶುದ್ಧ’ ಎಂಬ ಪದವನ್ನು ಈ ಪಾಠದಲ್ಲಿ ಬಳಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಕಿರಿಯ ಆರನೆಯ ಕಾರ್ಡ್’ ಎಂಬಂಥ ಅನುವಾದವನ್ನೂ ನಾನು ಒಪ್ಪಲಾರೆ. ಅದು ಮೂಲದ ಗೊಂದಲವನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ‘ಆರು ಸೇರಿದ ಮೈನರ್’ ಎಂದರೆ ಆರು ಸ್ವರಗಳು ಸೇರಿವೆ ಎಂದು ಓದಬಹುದು. ‘ಆರನೆಯದು ಕೂಡಿದ ಮೈನರ್ ಕಾರ್ಡ್’ ಎಂಬುದು ಉದ್ದವಾದರೂ ಮೈನರ್ ಎಂಬ ಪದ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ. ನುಡಿಸುವವರ ಬಾಯಲ್ಲಿರುವ ‘ಡಿ ಮೈನರ್ ಸಿಕ್ಸ್’ ಎಂಬ ರೂಪವೂ ನನಗೆ ಹಿಡಿಸುತ್ತದೆ. ‘ಸಿಕ್ಸ್’ ಎಂದರೆ ಕಾರ್ಡ್, ‘ಸಿಕ್ಸ್ತ್’ ಎಂದರೆ ಸ್ವರಾಂತರ ಎಂದು ಪಾಠದ ಮೊದಲಲ್ಲೇ ಗೊತ್ತುಪಡಿಸಿಕೊಂಡರೆ ಅರ್ಧ ತೊಂದರೆ ನೀಗುತ್ತದೆ.

‘ಕಾರ್ಡ್’ ಪದದ ಬಗ್ಗೆ ಒಂದು ಮಾತು. ಬ್ಯಾಂಕಿನ ಕಾರ್ಡಿಗೂ ಇದೇ ಕಾಗುಣಿತವಾದರೂ ಸಂದರ್ಭದಿಂದ ಅರ್ಥ ತಿಳಿಯುತ್ತದೆ. ‘ಸ್ವರಮೇಳ’ ಎಂದರೆ ರಾಗಗಳ ವರ್ಗೀಕರಣದ ಮೇಳಕರ್ತವೂ ವಾದ್ಯವೃಂದವೂ ನೆನಪಿಗೆ ಬರುತ್ತವೆ. ‘ಸ್ವರಗುಚ್ಛ’ ಚೆಲುವಾದ ಪದ, ಆದರೆ ಹತ್ತು ಸಲ ಬರುವ ಪಾಠದಲ್ಲಿ ಭಾರವಾಗುತ್ತದೆ.

ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. ಗಿಟಾರ್, ಕೀಬೋರ್ಡ್ ಅಥವಾ ಉಕುಲೆಲೆಯನ್ನು ಕನ್ನಡದಲ್ಲಿ ಕಲಿಸುವವರು ಈ ಕಾರ್ಡನ್ನು ಬಾಯಿಮಾತಿನಲ್ಲಿ ಹೇಗೆ ಕರೆಯುತ್ತೀರಿ? ‘ಸಿಕ್ಸ್’ ಮತ್ತು ‘ಸಿಕ್ಸ್ತ್’ ಎಂಬ ಭೇದವನ್ನು ವಿದ್ಯಾರ್ಥಿಗಳು ಉಳಿಸಿಕೊಳ್ಳುತ್ತಾರೆಯೇ? ‘ಆರನೆಯದು ಕೂಡಿದ’ ಎಂಬುದಕ್ಕಿಂತ ಚಿಕ್ಕದಾದ, ಮೈನರ್ ಪದವನ್ನು ಧೈವತಕ್ಕೆ ತಗುಲಿಸದ ರೂಪ ನಿಮಗೆ ಹೊಳೆದರೆ ದಯವಿಟ್ಟು ತಿಳಿಸಿ. ಮುಂದಿನ ಪಾಠವನ್ನು ಅದೇ ಪದದಿಂದ ಬರೆಯುತ್ತೇನೆ.