ಮಳೆಗಾಲದಲ್ಲಿ ಗಿಟಾರ್ ಟಾಪ್‌ಗೆ ಬ್ರೇಸ್ ಅಂಟಿಸಬಹುದಾ?

ತುಂಗಾತೀರ:
ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವನು. ಮನೆಯಲ್ಲೇ ಅಕೌಸ್ಟಿಕ್ ಗಿಟಾರ್ ಮಾಡುತ್ತಿದ್ದೇನೆ. ಸ್ಟೀಲ್ ತಂತಿಯದು, 645 ಮಿ.ಮೀ. ಸ್ಕೇಲ್ (ತಂತಿ ಮಿಡಿಯುವ ಉದ್ದ). ಟಾಪ್‌ಗೆ (ಮುಂಭಾಗದ ಹಲಗೆಗೆ) ಸ್ಪ್ರೂಸ್ ಮರ ತರಿಸಿ, ಎರಡು ಹಲಗೆ ಜೋಡಿಸಿ, 2.8 ಮಿ.ಮೀ.ಗೆ ಕೀಸಿ ಇಟ್ಟಿದ್ದೇನೆ. ಇನ್ನು ಒಳಗಡೆ ಎಕ್ಸ್ ಆಕಾರದ ಬ್ರೇಸ್ (ಬಲ ಕೊಡುವ ಮರದ ಪಟ್ಟಿ) ಅಂಟಿಸಬೇಕು. ಆದರೆ ಇಲ್ಲಿ ಜಡಿಮಳೆ. ತೇವಾಂಶ ಅಳೆಯುವ ಹೈಗ್ರೋಮೀಟರ್ ಶೇ. 90ರಿಂದ ಕೆಳಗೆ ಇಳಿಯುತ್ತಲೇ ಇಲ್ಲ. ಗಿಟಾರ್ ತಂಗಿಗೆ, ಅವಳು ಓದುತ್ತಿರುವುದು ಕಲಬುರಗಿಯಲ್ಲಿ. ಈಗಲೇ ಅಂಟಿಸಲಾ, ದೀಪಾವಳಿ ಕಳೆಯಲಿ ಅಂತ ಕಾಯಲಾ?

ಇನ್ನೊಂದು ವಿಷಯ. ಪಕ್ಕದ ಪಟ್ಟಿಗಳಿಗೆ ಅಜ್ಜನ ಕಾಲದ ಬೀಟೆ ಮಂಚದ ಹಲಗೆ ಇದೆ. ಬಗ್ಗುತ್ತದಾ?

ಉಳಿ_ಕೀಸುಳಿ:
90ರಲ್ಲಿ ದಯವಿಟ್ಟು ಅಂಟಿಸಬೇಡಿ. ಅದರಲ್ಲೂ ಗಿಟಾರ್ ಕಲಬುರಗಿಗೆ ಹೋಗುವುದಾದರೆ ಬೇಡವೇ ಬೇಡ.

ಮರ ನಾರಿನ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಎಲ್ಲಾ ಆಟ ಅಡ್ಡಕ್ಕೆ. ಟಾಪ್‌ನ ನಾರು ಕುತ್ತಿಗೆಯ ದಿಕ್ಕಿಗಿದ್ದರೆ ಬ್ರೇಸ್ ಅದನ್ನು ಅಡ್ಡ ಹಾಯುತ್ತದೆ. ಈಗ ನಿಮ್ಮ ಟಾಪ್ ನೀರು ಹೀರಿ ಅಗಲವಾಗಿ ಕೂತಿದೆ. ಹಾಗೇ ಅಂಟಿಸಿದರೆ ಆ ಅಗಲಕ್ಕೇ ಬೀಗ ಹಾಕಿದಂತೆ. ಏಪ್ರಿಲ್‌ನ ಒಣ ಬಿಸಿಲಿಗೆ 400 ಮಿ.ಮೀ. ಅಗಲದ ಸ್ಪ್ರೂಸ್ ಕೆಲವು ಮಿಲಿಮೀಟರ್ ಕುಗ್ಗಲು ನೋಡುತ್ತದೆ. ಬ್ರೇಸ್ ಬಿಡುವುದಿಲ್ಲ. ಟಾಪ್ ಸೀಳುತ್ತದೆ, ಸಾಮಾನ್ಯವಾಗಿ ಬ್ರಿಡ್ಜ್ (ಟಾಪ್ ಮೇಲೆ ತಂತಿ ಕಟ್ಟುವ ಪಟ್ಟಿ) ಹಿಂದೆ. 45-50ರಲ್ಲಿ ಅಂಟಿಸಿದ ಗಿಟಾರ್ ಮಳೆಗಾಲದಲ್ಲಿ ಸ್ವಲ್ಪ ಉಬ್ಬಿ, ತಂತಿ ಮೇಲೇಳಬಹುದು. ಅದು ಒಣಗಿದ ಮೇಲೆ ಸರಿಹೋಗುತ್ತದೆ. ಸೀಳು ಮಾತ್ರ ತಾನಾಗಿ ಕೂಡುವುದಿಲ್ಲ.

ಆದರೆ ದೀಪಾವಳಿವರೆಗೆ ಸುಮ್ನೆ ಕೂರಬೇಕಿಲ್ಲ. ಪ್ಲೈವುಡ್‌ನಲ್ಲಿ ಟಾಪ್ ಹಿಡಿಸುವಷ್ಟು ದೊಡ್ಡ ಪೆಟ್ಟಿಗೆ ಮಾಡಿ. ಒಳಗೆ 60 ವಾಟ್‌ನ ಹಳೇ ಬಲ್ಬ್ ಒಂದು. ಎಲ್‌ಇಡಿ ಬೇಡ, ನಮಗೆ ಬೇಕಾದ್ದು ಶಾಖ. ಬಲ್ಬ್ ಮರಕ್ಕೆ ತಾಗದಂತೆ ದೂರ ಇರಲಿ, ಮೇಲೊಂದು ಸಣ್ಣ ತೂತು ಬಿಡಿ, ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಿ. ಹೊರಗೆ 24 ಡಿಗ್ರಿ, ತೇವಾಂಶ 90 ಇದ್ದರೆ, ಅದೇ ಗಾಳಿ 35 ಡಿಗ್ರಿಗೆ ಬಿಸಿಯಾದಾಗ ತೇವಾಂಶ 50ರ ಹತ್ತಿರ ಬರುತ್ತದೆ. ಹೈಗ್ರೋಮೀಟರ್ ಪೆಟ್ಟಿಗೆಯೊಳಗೇ ಇಡಿ. ಬ್ರೇಸ್ ಪಟ್ಟಿಗಳನ್ನೂ ಟಾಪ್ ಜೊತೆ ಹಾಕಿ.

ಒಣಗಿದೆಯಾ ಅಂತ ತಿಳಿಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ದಿನಾ ಟಾಪ್ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತ ದಿನ ಅಂಟಿಸಿ. ಹೊರಗೆ ತೆಗೆದು ಚಹಾ ಕುಡಿಯಲು ಹೋಗಬೇಡಿ, 2.8 ಮಿ.ಮೀ. ಹಲಗೆ ಬೇಗ ತೇವ ಎಳೆದುಕೊಳ್ಳುತ್ತದೆ. ಅಂಟಿಸಿ, ಕ್ಲಾಂಪ್ ಹಾಕಿ, ಕ್ಲಾಂಪ್ ಸಮೇತ ವಾಪಸ್ ಪೆಟ್ಟಿಗೆಗೆ.

ಕರಿಬೀಟೆ:
ಬೀಟೆ ಚೆನ್ನಾಗಿ ಬಗ್ಗುತ್ತದೆ. ಅಮೆರಿಕದ ಮಾರ್ಟಿನ್ ಗಿಟಾರ್ ಕಂಪನಿಯವರು ಬ್ರೆಜಿಲ್ ರೋಸ್‌ವುಡ್ ಬಿಟ್ಟು 1969ರ ಹೊತ್ತಿಗೆ ಹಿಡಿದದ್ದು ನಮ್ಮ ಇದೇ ಬೀಟೆಯನ್ನ. ನಿಮ್ಮ ಹಲಗೆಯಲ್ಲಿ ಮೊದಲು ಮೊಳೆ ಹುಡುಕಿ. ಆಮೇಲೆ ನಾರು ನೋಡಿ. ಸುಮಾರು 80 ಸೆಂ.ಮೀ. ಉದ್ದಕ್ಕೂ ನಾರು ನೇರವಾಗಿ ಓಡಬೇಕು. ಅಂಚಿಗೆ ಓಡಿಹೋಗಿದ್ದರೆ ಸೊಂಟದ ಹತ್ತಿರ ಮುರಿಯುತ್ತದೆ, ಅಂಥದ್ದನ್ನು ಬೇರೆ ಕೆಲಸಕ್ಕೆ ಇಟ್ಟುಕೊಳ್ಳಿ. 2 ಮಿ.ಮೀ.ಗೆ ಕೀಸಿ. ಕಬ್ಬಿಣದ ಪೈಪ್ ಕಾಯಿಸಿ, ನೀರಿನ ಹನಿ ಬಿದ್ದ ಕೂಡಲೇ ಚುಯ್ ಅಂದು ಕುಣಿಯಬೇಕು. ಸೊಂಟದಿಂದ ಶುರು ಮಾಡಿ. ಕೈಯಿಂದ ಬಲ ಹಾಕಬೇಡಿ. ಒಂದು ಹಂತದಲ್ಲಿ ಮರ ತಾನಾಗಿ ಮೆತ್ತಗಾಗಿದ್ದು ಬೆರಳಿಗೇ ಗೊತ್ತಾಗುತ್ತದೆ. ಬೀಟೆಯಲ್ಲಿ ಎಣ್ಣೆ ಅಂಶ ಜಾಸ್ತಿ. ಅಂಟು ಹಚ್ಚುವ ಮುಂಚೆ ಅಸಿಟೋನ್‌ನಿಂದ ಒರೆಸಿ.

ತುಂಗಾತೀರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಪೆಟ್ಟಿಗೆ ಕೆಲಸ ನಾಳೆಯೇ ಶುರು. ಟಾಪ್ ಒಣಗುವಷ್ಟರಲ್ಲಿ ಫಿಂಗರ್‌ಬೋರ್ಡ್ ಮೇಲೆ ಫ್ರೆಟ್ (ಸ್ವರದ ಲೋಹದ ಪಟ್ಟಿ) ಗುರುತು ಹಾಕಬಹುದು ಅಲ್ವಾ?

ಉಳಿ_ಕೀಸುಳಿ:
ಧಾರಾಳವಾಗಿ. 645ನ್ನು 17.817ರಿಂದ ಭಾಗಿಸಿ, ಮೊದಲ ಫ್ರೆಟ್ ನಟ್‌ನಿಂದ (ಕುತ್ತಿಗೆಯ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) 36.2 ಮಿ.ಮೀ.ಗೆ ಬರುತ್ತದೆ. ಉಳಿದದ್ದನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸುತ್ತಾ ಹೋಗಿ. 12ನೆಯದು ಸರಿಯಾಗಿ 322.5ಕ್ಕೆ ಬಿದ್ದರೆ ಲೆಕ್ಕ ಸರಿ. ಗುರುತು ಹಾಕುವಾಗ ಮಾತ್ರ ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ, ಹಿಂದಿನ ಫ್ರೆಟ್‌ನಿಂದ ಬೇಡ. ಇಲ್ಲದಿದ್ದರೆ ಕೂದಲೆಳೆಯಷ್ಟು ತಪ್ಪು ಸೇರುತ್ತಾ ಸೇರುತ್ತಾ ಮೇಲಿನ ಸ್ವರಗಳು ಕೆಡುತ್ತವೆ.