ನಾಕ ಸೀಟು, ಐದು ಮಂದಿ, ಮ್ಯಾಲೆ ಬರೇ ಆಕಾಶ

"ಮ್ಯಾಲಿಂದು ತೆಗಿಯಾಕ ಬರತೈತಿ ಅಂದ್ರ ಹೆಂಗಲೇ? ಪೂರ್ತಿನ?"

"ಪೂರ್ತಿ. ಗುಂಡಿ ಒತ್ತಿದ್ರ 20 ಸೆಕೆಂಡಿನಾಗ ಮಡಚಿಕೊಂಡು ಹಿಂದ ಡಿಕ್ಕ್ಯಾಗ ಹೋಗಿ ಕುಂದರತೈತಿ. ಗಾಡಿ 60ರ ತನಕ ಓಡಕೋಂತ ಇದ್ರೂ ನಡೀತೈತಿ."

ರಫೀಕನಿಗೆ ಇಷ್ಟು ಹೇಳಿ ಶಿವಪ್ಪ ಸಾಹುಕಾರ ಮೀಸೆ ಮೇಲೆ ಕೈ ಆಡಿಸಿದ. ವಿದ್ಯಾನಗರದ ಚಹಾದಂಗಡಿ ಕಟ್ಟೆಗೆ ಸಂಜೆ ಕೂಡುವ ನಮ್ಮ ನಾಲ್ವರಲ್ಲಿ ರೊಕ್ಕಸ್ಥ ಅಂದರೆ ಇವನೊಬ್ಬನೇ. ಹಾರ್ಡ್‌ವೇರ್ ಅಂಗಡಿ, ಮೇಲಾಗಿ ಗೋಕುಲ ರೋಡಿನ ಕಡೆಯ ಜಾಗವೊಂದನ್ನು ಈಚೆಗೆ ಮಾರಿದ್ದ. ಹುಬ್ಬಳ್ಳಿಯಲ್ಲಿ ಜಾಗ ಮಾರಿದವರು ಇನ್ನೊಂದು ಜಾಗ ಹಿಡಿಯುವುದು ಪದ್ಧತಿ. ಇವನು ಮೊಬೈಲಿನಲ್ಲಿ ಮರ್ಸಿಡಿಸ್ ಹಿಡಿದಿದ್ದ. ಅದೂ ಸಿಎಲ್‌ಇ ಕ್ಯಾಬ್ರಿಯೊಲೆ, ತಲೆ ಬಿಚ್ಚುವ ಗಾಡಿ. ಷೋಕಿಗಲ್ಲವಂತೆ. ಹಳೇ ಡಿಜೈರ್ ಕೊಟ್ಟುಬಿಟ್ಟು, ಮನೆಮಂದಿಗೆಲ್ಲ ಇದೇ ಗಾಡಿ ಅಂತೆ.

"ರೇಟು?" ಅಂದರು ಮಾಸ್ತರು. ಹಿಸ್ಟರಿ ಕಲಿಸಿ ರಿಟೈರ್ ಆದವರು, ಇಸವಿ ಮತ್ತು ರೇಟು ಎರಡನ್ನೂ ಬಿಡುವುದಿಲ್ಲ.

"2024ರ ಆಗಸ್ಟಿನಾಗ ನಮ್ಮ ದೇಶಕ್ಕ ಬಂದಾಗ 1.10 ಕೋಟಿ ಇತ್ರಿ, ಶೋರೂಮಿಂದು."

"ಶೋರೂಮಿನಾಗ ಇಟಗೋತೀಯೇನು? ರೋಡಿಗೆ ತರಬೇಕಲ್ಲಪಾ. 20 ಲಕ್ಷ ದಾಟಿದ ಗಾಡಿಗೆ ಕರ್ನಾಟಕದಾಗ ಲೈಫ್ ಟ್ಯಾಕ್ಸ್ ನೂರಕ್ಕ 18 ಅದ. ಅದರ ಮ್ಯಾಲೆ ಸೆಸ್ ಬ್ಯಾರೆ."

ರಫೀಕ ಬೆರಳು ಮಡಚಿ ಲೆಕ್ಕ ಹಾಕಿದ. "ಯಾ ಅಲ್ಲಾ, 20 ಲಕ್ಷದ ಮ್ಯಾಲಾತು! ಕೆಎ-63 ಅಂತ ನಂಬರ್ ಬರಸಾಕ ಒಂದು ಇನ್ನೋವಾ ಸರಕಾರಕ್ಕ ಕೊಟ್ಟಂಗಾತಲ್ಲೋ."

ಸಾಹುಕಾರ ಹಿಂದೆ ಸರಿಯುವ ಪೈಕಿ ಅಲ್ಲ. ಗಾಡಿ ಮೇಲಿನದು ತಗಡಲ್ಲ, ಅರಿಬಿ ಅಂತಲೂ ಹೇಳಿಬಿಟ್ಟ. ಅಲ್ಲಿ ಸಿಕ್ಕಿಬಿದ್ದ. ಯಾಕೆಂದರೆ ರಫೀಕನ ಕಸಬೇ ಅದು: ಗಾಡಿ ಸೀಟಿಗೆ ಕುಶನ್, ಆಟೋಗಳಿಗೆ ರೆಕ್ಸಿನ್ ಹುಡ್ಡು.

"ಅರಿಬಿ? ಒಂದು ಕೋಟಿಗೆ ಅರಿಬಿ? ನಾ ಆಟೋಕ್ಕ ಹೊಲಿತೀನಲ್ಲ, ಅದನ?"

"ಅದು ಪದರ ಪದರ ಇರತೈತಿ. ಹೊರಗಿನ ಸಪ್ಪಳ ಒಳಗ ಬರಂಗಿಲ್ಲ."

"ಸಪ್ಪಳ ಹಾಳಾಗಿ ಹೋಗಲಿ. ಇಲ್ಲಿ ನೋಡು." ರಫೀಕ ಗಿರ್ಮಿಟ್ ಕಟ್ಟಿದ್ದ ಪೇಪರ್ ತೊಗೊಂಡು ಎರಡು ಸಲ ಮಡಚಿದ, ಬಿಚ್ಚಿದ, ಮತ್ತೆ ಮಡಚಿ ಉಗುರಿನಿಂದ ಗೆರೆ ತೀಡಿದ. "ಹುಡ್ಡಿನಾಗ ಮೊದಲ ಹೋಗೂದು ಅರಿಬಿ ಅಲ್ಲ, ಮಡಿಕಿ. ಆ ಗೆರ್‍ಯಾಗ ನಮ್ಮ ಕೆಂಪು ಧೂಳ ಹೋಗಿ ಕುಂದರತೈತಿ. ಮಡಚಿದಾಗೊಮ್ಮೆ ದಾರಾ ಉಜ್ಜತೈತಿ. ಮ್ಯಾಲೆ ನೋಡಿದ್ರ ಏನೂ ಕಾಣಂಗಿಲ್ಲ. ಒಂದಿನ ಮಳ್ಯಾಗ ಹನಿ ಬಂದು ತೊಡಿ ಮ್ಯಾಲೆ ಬಿದ್ದಾಗ ಗೊತ್ತಾಗತೈತಿ. ಮತ್ತ ನಿನ್ನ ಮಗಳ ಕಾಲೇಜು ಧಾರವಾಡದಾಗಲ್ಲ? ಗಿಡದ ಬುಡಕ ನಿಂದರ್ಸಿ ನೋಡು. ಮಂಗ್ಯಾ ಜಿಗದ್ರ ತಗಡ ಬಗ್ಗತೈತಿ, ಬಡದು ಸರಿ ಮಾಡಬಹುದು. ಅರಿಬಿ ಹರದ್ರ ಜರ್ಮನಿಗೆ ಕಳಸ್ತೀ?"

ಕಸಬುದಾರ ತನ್ನ ಕಸಬಿನ ಬಗ್ಗೆ ಹೇಳುವ ಮಾತಿಗೆ ಎದುರಾಡಬಾರದು ಅಂತ ನನ್ನ ಅಭಿಪ್ರಾಯ. ಆದರೆ ಮಾಸ್ತರಿಗೆ ಆ ನಿಯಮ ಇಲ್ಲ.

"ತಗಡಿಂದೂ ಮಡಚತದಪಾ," ಅಂತ ಸುರು ಮಾಡಿದರು. "ಮೊದಲ ಕಾರಿಗೆ ಮ್ಯಾಲೆ ಏನೂ ಇರತಿರಲಿಲ್ಲ. 1920ರ ದಶಕದಾಗ ಮುಚ್ಚಿದ ಕಾರು ಜೋರು ಹಿಡೀತು. ಮಂದಿಗೆ ಮಳಿ-ಗಾಳಿ ತಪ್ಪಿತು. ತಪ್ಪಿದ ಮ್ಯಾಲೆ ಮತ್ತ ಅದ ಬೇಕಾತು. ಆವಾಗ ಫ್ರಾನ್ಸಿನಾಗ ಜಾರ್ಜ್ ಪೋಲಾಂ ಅನ್ನಾಂವ ತಗಡಿನ ಛತ್ತ ತಾನ ಮಡಚಿ ಡಿಕ್ಕ್ಯಾಗ ಹೋಗೂ ಹಂಗ ಮಾಡಿದ. 1934ರಾಗ ಪೇಜೋ ಕಂಪನಿಯವರು ಆ ಗಾಡಿ ಬಿಟ್ಟರು. ಆಂವ ಏನು ಕೆಲಸ ಮಾಡತಿದ್ದ ಹೇಳ್ರಿ ನೋಡೋಣ?"

"ಕುಶನ್," ಅಂದ ರಫೀಕ ಆಸೆಯಿಂದ.

"ಹಲ್ಲಿನ ಡಾಕ್ಟರ್!"

"ಅದಕ್ಕ ನೋಡ್ರಿ! ಮುದುಕರ ಹಲ್ಲಿನ ಸೆಟ್ಟು ತಗದು ಹಾಕಿ, ತಗದು ಹಾಕಿ, ಅದ ಐಡಿಯಾ ಕಾರಿಗೆ ಹಚ್ಚ್ಯಾನ."

ಮಾಸ್ತರು ತಮ್ಮ ಸೆಟ್ಟನ್ನು ನಾಲಿಗೆಯಿಂದ ಸರಿ ಮಾಡಿಕೊಂಡು ವಿಷಯ ಬದಲಿಸಿದರು. ಛತ್ತು ತೆಗೆದರೆ ಗಾಡಿಯ ಮೈ ಬಿಗಿ ಕಳಕೊಳ್ಳುತ್ತದೆ, ಅದಕ್ಕೇ ತಳದಲ್ಲಿ ಹೆಚ್ಚಿನ ಉಕ್ಕು ಹಾಕಿ ಬಲ ಮಾಡುತ್ತಾರೆ, ಗಾಡಿ ಭಾರ ಆಗುತ್ತದೆ ಅಂತೆಲ್ಲ ಹೇಳಿದರು. ನಮ್ಮ ಹಂಪ್ಸುಗಳ ಕಥೆ ಅವರು ಹೇಳಬೇಕಾಗಿರಲಿಲ್ಲ.

ನನಗೆ ಮಜಾ ಅನಿಸಿದ್ದು ಬಿಸಿಲಿನ ಮಾತು. ಆ ಗಾಡಿಯಲ್ಲಿ ಸೀಟಿನ ತಲೆದಿಂಬಿನ ಬುಡದಿಂದ ಕುತ್ತಿಗೆಗೆ ಬಿಸಿ ಗಾಳಿ ಊದುವ ಏರ್‌ಸ್ಕಾರ್ಫ್ ಅಂತ ಒಂದಿದೆ. ಜರ್ಮನಿಯ ಚಳಿಯಲ್ಲಿ ಎರಡು ತಾಸು ಬಿಸಿಲು ಬಿದ್ದರೂ ಛತ್ತು ಬಿಚ್ಚಿ ತಿರುಗಲಿ ಅಂತ ಮಾಡಿದ್ದು.

"ಏಪ್ರಿಲ್‌ದಾಗ ಮಧ್ಯಾಹ್ನ ಚೆನ್ನಮ್ಮ ಸರ್ಕಲ್ ಸಿಗ್ನಲ್‌ಗೆ ನಿಂತು ಆ ಬಿಸಿ ಗಾಳಿ ಹಚ್ಚು," ಅಂದೆ. "ರೊಕ್ಕ ಕೊಟ್ಟೀಯಲ್ಲ, ಬಿಡಬ್ಯಾಡ."

"ಬಿಸಲಿಗೂ ವ್ಯವಸ್ಥಾ ಐತಿ. ಬಿಸಲ ಬಿದ್ದು ಪರದಿ ಕಾಣದಂಗ ಆದ್ರ, ಮುಂದಿನ ಟಚ್ ಸ್ಕ್ರೀನ್ ಬಾಗಸಾಕ ಬರತೈತಿ. 15 ಡಿಗ್ರಿಯಿಂದ 40ರ ತನಕ."

"ಹುಬ್ಬಳ್ಳಿ ಬಿಸಲಿಗೆ ಮರ್ಸಿಡಿಸ್ ಸುದ್ದಾ ತಲಿ ಬಾಗಸ್ತೈತಿ ಅನ್ನು!"

ಡಿಕ್ಕಿ ವಿಷಯಕ್ಕೆ ಬಂದಾಗ ಸಾಹುಕಾರ ಸ್ವಲ್ಪ ಮೆತ್ತಗಾದ. ಛತ್ತು ಮುಚ್ಚಿದಾಗ 385 ಲೀಟರ್, ಬಿಚ್ಚಿದಾಗ 295. ಅವನು ಕೊಟ್ಟುಬಿಡಬೇಕು ಅಂತಿರುವ ಡಿಜೈರ್‌ದೇ 378. ಬ್ಯಾಡಗಿಯ ಬೀಗರ ಮನೆಯಿಂದ ಪ್ರತಿ ವರ್ಷ ಬರುವ ಮೆಣಸಿನಕಾಯಿ ಚೀಲ, ಜೋಳದ ಚೀಲ ಎಲ್ಲಿಡುತ್ತಾನೆ?

"ಮ್ಯಾಲೆ ಕ್ಯಾರಿಯರ್ ಹಾಕಸ್ತೀನಿ."

"ಮ್ಯಾಲೆ ಅಂದ್ರ ಎಲ್ಲಿ?" ಅಂದ ರಫೀಕ.

ಸಾಹುಕಾರ ಬಾಯಿ ತೆರೆದ, ಮುಚ್ಚಿದ.

"ಬ್ಯಾಡಗಿ ಅಂದ ಕೂಡಲೇ ನೆನಪಾತು," ಅಂದರು ಮಾಸ್ತರು. "2011ರಾಗ ಜಿಐ ಪಟ್ಟ, ಅಂದ್ರ ಆ ಸೀಮಿಯ ಬೆಳಿ ಅನ್ನೂ ಗುರುತು, ಸಿಕ್ಕ ಮೆಣಸಿನಕಾಯಿ. ಬಣ್ಣ ಜಾಸ್ತಿ, ಖಾರ ಕಡಿಮಿ ಅಂತಾರ. ಆ ಮಾತು ನಂಬಿ ಫೆಬ್ರುವರ್‍ಯಾಗ ಸೋಮವಾರ, ಇಲ್ಲಾ ಗುರುವಾರ, ಮಾರ್ಕೆಟ್ ನಡದಾಗ ಛತ್ತ ಬಿಚ್ಚಿಕೊಂಡು ಆ ರೋಡಿನಾಗ ಹೋಗಿ ನೋಡು. ಚೀಲಾ ಝಾಡಿಸಿದ ಘಾಟು ಗಾಡ್ಯಾಗ ತುಂಬಿದ ಮ್ಯಾಲೆ 20 ಸೆಕೆಂಡು ಅಂದ್ರ ಎಷ್ಟು ಉದ್ದ ಇರತದ ಅಂತ ಗೊತ್ತಾಗತದ. ಆಮ್ಯಾಲೆ ಮುಚ್ಚಿದ್ರ ಘಾಟು ಒಳಗ, ನೀನೂ ಒಳಗ."

ನನ್ನ ತಕರಾರು ಬೇರೆ ಇತ್ತು. ಕಾರಿಗೆ ಛತ್ತು ಇರುವುದು ಮಳೆಗಲ್ಲ, ಮಂದಿಗೆ. ನಮ್ಮಲ್ಲಿ ಗಂಡ-ಹೆಂಡತಿ ನಿರಾಳವಾಗಿ ಜಗಳ ಆಡುವುದೇ ಕಾರಿನಲ್ಲಿ: ಗ್ಲಾಸ್ ಏರಿಸಿ, ಎಸಿ ಹಚ್ಚಿ, ಮುಖದ ಮೇಲೆ ನಗು ಇಟ್ಟುಕೊಂಡು. ಛತ್ತು ಬಿಚ್ಚಿ ದುರ್ಗದಬೈಲಿನ ಹತ್ತಿರ ನಿಂತರೆ ಆಯಿತು, ಬಾಜೂ ಬೈಕಿನವ ಬಗ್ಗಿ "ಏನ್ರೀ ಸಾಹುಕಾರ್ರ, ಮಗಳಿಗೆ ವರ ನೋಡಾಕ ಹೊಂಟ್ರೇನ್ರಿ?" ಅಂತಾನೆ. ಕೊತ್ತಂಬರಿ ಮಾರುವ ಮುದುಕಿ ಎರಡು ಸಿವುಡು ನೇರ ತೊಡೆ ಮೇಲೆ ಇಟ್ಟು ರೊಕ್ಕಕ್ಕೆ ಕೈ ಚಾಚುತ್ತಾಳೆ. ಚಿಗರಿ ಬಸ್ಸಿನ ಕಿಟಕಿಯಿಂದ ಊರಿನ ಅರ್ಧ ಮಂದಿ, ಡಬ್ಬಿಯಲ್ಲಿ ಏನು ಪಲ್ಯ ಇದೆ ಅಂತ ಸುದ್ದಾ ನೋಡಿಕೊಂಡು ಹೋಗುತ್ತಾರೆ.

"ನೋಡಲಿ ಬಿಡೋ. ನೋಡಲಿ ಅಂತ ತೊಗೊಳ್ಳೂದು!" ಅಂದ ಶಿವಪ್ಪ. ಅಂತೂ ಖರೇ ಮಾತು ಬಾಯಿಗೆ ಬಂತು.

ರಫೀಕನಿಗೆ ಮರುಕ ಬಂತೋ ಏನೋ. "ಒಂದ ಮಾತು ಒಪ್ಪತೀನಿ. ಗಣಪತಿ ತರಾಕ ಇದರಂಥಾ ಗಾಡಿ ಇಲ್ಲ. ಕಿರೀಟ ಛತ್ತಿಗೆ ತಾಗೂ ಚಿಂತೀನ ಇಲ್ಲ."

ಆ ಒಂದು ಒಳ್ಳೇ ಮಾತನ್ನೂ ಮಾಸ್ತರು ಉಳಿಯಗೊಡಲಿಲ್ಲ. "1927ರಾಗ ಫ್ರಾನ್ಸಿನ ನೀಸ್ ಊರಾಗ ಇಸಡೋರಾ ಡಂಕನ್ ಅಂತ ದೊಡ್ಡ ನರ್ತಕಿ ಇಂಥಾದ್ದ ತೆರೆದ ಕಾರಿನಾಗ ಹೊಂಟಿದ್ಲು. ಕೊರಳಾಗಿನ ಉದ್ದನ್ನ ಶಾಲು ಹಿಂದಿನ ಗಾಲಿಗೆ ಸುತ್ತಿಕೊಂಡು ಜೀವಾನ ಹೋತು. ನಿಮ್ಮ ಅವ್ವಾರು ಇಳಕಲ್ ಸೀರಿ ಉಡತಾರಲ್ಲ?"

"ಪಿನ್ನು ಹಚ್ಚತೀನ್ರಿ," ಅಂದ ಸಾಹುಕಾರ ಸಣ್ಣ ದನಿಯಲ್ಲಿ.

"ಹಚ್ಚೂದು ಆಮ್ಯಾಲೆ. ಮೊದಲ ಅವರನ್ನ ಹತ್ತಸಬೇಕಲ್ಲ? ಬಾಗಲ ಎರಡ. ಮುಂದಿನ ಸೀಟು ಬಗ್ಗಿಸಿ, ಸಂದಿನಾಗ ಕಾಲು ಹಾಕಿ, ತಲಿ ತಗ್ಗಿಸಿ ಹಿಂದ ಹೋಗಬೇಕು. ಅವರ ಮಂಡಿಗೆ ಆದೀತ?"

"ಛತ್ತ ಬಿಚ್ಚೇ ಹತ್ತಿಸಿದ್ರಾತು."

"ಮ್ಯಾಲಿಂದ ಇಳಸ್ತೀ? ಕ್ರೇನ್‌ದವರ ನಂಬರ್ ನನ್ನ ಕಡೆ ಐತಿ," ಅಂದ ರಫೀಕ.

ಸೀಟು ಎಷ್ಟು ಅಂತ ಇಷ್ಟು ಹೊತ್ತು ಯಾರೂ ಕೇಳಿರಲಿಲ್ಲ. ನಾಕು. ಮನೆಯಲ್ಲಿ ಮಂದಿ ಐದು: ಅವ್ವ, ವೈನಿ, ಇಂಜಿನಿಯರಿಂಗ್ ಓದುವ ಮಗ, ಸಣ್ಣ ಮಗಳು, ಶಿವಪ್ಪ. ನಾವು ಇದನ್ನು ಎತ್ತಿ ತೋರಿಸಿದ ಮೇಲೆ ಅವನು, ಮನೆಯಾಕೆ ಬೇಡ ಅಂದರೆ ಮಾತು ಮುಗಿದಂಗೆ ಅಂತ ಫೋನ್ ಹಚ್ಚಿ ಸ್ಪೀಕರ್‌ಗೆ ಹಾಕಿದ. ನಮಗೂ ಆಕೆ ಬೈಯುವುದನ್ನು ಕೇಳುವ ಆಸೆ ಇತ್ತು.

"ಸೀಟು ನಾಕ ಏನ್ರೀ? ಖರೇನ? ಹಿಂದ ಮೂರನೇದವರು ತೂರಾಕ ಬರಂಗೇ ಇಲ್ಲ?"

"ಬರಂಗಿಲ್ಲ. ಅದಕ್ಕ ಬ್ಯಾಡ ಅಂತೀಯೇನು?"

"ಯಾಕ ಬ್ಯಾಡ? ನಾಳೆನ ತೊಗೊಳ್ರಿ. ಪಂಚಮಿಗೆ ಬಂದಾಗ ನಿಮ್ಮ ಅಕ್ಕಾರು, ಅವರ ಮಕ್ಕಳು, 'ವೈನಿ, ನಾವೂ ಬರತೀವಿ, ಸರದು ಕುಂದರ್ರಿ' ಅನ್ನೂದಾರ ನಿಂದರತೈತಿ!"

ಹಿಂದಿನಿಂದ ಅವ್ವಾರ ದನಿ ಕೇಳಿಸಿತು. "ತಲಿ ಮ್ಯಾಲೆ ಏನೂ ಇಲ್ಲದ್ದ? ಛಲೋ ಆತು ಬಿಡು. ನನಗ ಕಾರಿನಾಗ ಉಸರ ಕಟ್ಟತೈತಿ. ನಾ ಮುಂದ ಕುಂದರಾಕಿ ಮತ್ತ!"

"ಹೌದ್ರಿ, ಅತ್ತಿ ಮುಂದ. ನಾನು, ಮಗಳು ಹಿಂದ. ಗಾಡಿ ನಮ್ಮ ಮಗಾ ಹೊಡೀತಾನ. ನಿಮಗ ಚಾಳೀಸ ಬಂದೈತಿ, ಆ ಸ್ಪೀಡು ನಿಮ್ಮಿಂದ ಆಗಂಗಿಲ್ಲ."

ಸಾಹುಕಾರ ಬೆರಳು ಮಡಚಿದ. ನಾಲ್ಕು ಮಡಚಿದವು, ಹೆಬ್ಬೆಟ್ಟು ಉಳಿಯಿತು. "ಮತ್ತ ನಾನು?"

"ನೀವು ಸ್ಕೂಟಿ ಮ್ಯಾಲೆ ಹಿಂದಿಂದ ಬರ್ರಿ. ರೊಟ್ಟಿ ಗಂಟು, ಬ್ಯಾಗು ನಿಮ್ಮ ಕಡೇನ ಇರಲಿ. ಛತ್ತ ಬಿಚ್ಚಿದ್ರ ಡಿಕ್ಕ್ಯಾಗ ಜಾಗಾ ಇರಂಗಿಲ್ಲ ಅಂತ ನೀವ ಹೇಳಿದ್ರೆಲ್ಲ."

ಫೋನ್ ಕಟ್ ಆಯಿತು. ನಾವು ಮೂವರೂ ಸಾಹುಕಾರನ ಮುಖ ನೋಡಲಿಲ್ಲ. ನೋಡಿದ್ದರೆ ನಗು ತಡೆಯುತ್ತಿರಲಿಲ್ಲ. ಅವನು ಚಹಾ ಮುಗಿಸಿ, ಕಪ್ಪು ಕೆಳಗಿಟ್ಟು, ರಫೀಕನ ಕಡೆ ತಿರುಗಿದ.

"ನಮ್ಮ ಸ್ಕೂಟಿ ಸೀಟು ಹರದೈತಿ ನೋಡೋ. ಒಳಗ ಫೋಮು ದಪ್ಪಂದು ಹಾಕಿ ಹೊಲಿಯಾಕ ಎಷ್ಟ ತೊಗೋತಿ?"