ಸಹಾಯ ಬೇಕು: ಮಣ್ಣಿನ ದಿನಕ್ಕೆ ಒಂದು ಒಳ್ಳೆಯ ಚಿತ್ರ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 5 ವಿಶ್ವ ಮಣ್ಣಿನ ದಿನ. ಅವತ್ತು ಸಂಜೆ ರೈತರು, ಮಕ್ಕಳು ಒಟ್ಟಿಗೆ ಕೂತು ನೋಡುವಂಥ ಸಾಕ್ಷ್ಯಚಿತ್ರ ತೋರಿಸಬೇಕು ಅಂತ ನಾವು ನಾಲ್ಕೈದು ಜನ ಓಡಾಡುತ್ತಿದ್ದೇವೆ. ಎರಡು ಮೂರು ಸೆಂಟಿಮೀಟರ್ ಮೇಲ್ಮಣ್ಣು ಆಗಲು 1000 ವರ್ಷದವರೆಗೂ ಬೇಕಾಗಬಹುದು. ಬೆಳೆ, ಹೊದಿಕೆ ಇಲ್ಲದ ಬೋಳು ಹೊಲದಲ್ಲಿ ಅದು ಜೋರು ಮಳೆಗೆ ಕೊಚ್ಚಿ ಹೋಗುತ್ತದೆ. ಭಾಷಣಕ್ಕಿಂತ ಪರದೆಯ ಮೇಲೆ ಕಂಡರೆ ಜಾಸ್ತಿ ಮನಸ್ಸಿಗೆ ನಾಟುತ್ತದೆ, ಅಲ್ವಾ?

ಮುಚ್ಚಿಗೆ (ಮಣ್ಣಿನ ಮೇಲೆ ಎಲೆ, ಹುಲ್ಲು ಹೊದಿಸುವುದು), ಎರೆಹುಳು, ಬೀಜ ಉಳಿಸುವುದು, ಇಂಥ ವಿಷಯದ ಅರ್ಧ ಗಂಟೆಯ ಕನ್ನಡ ಚಿತ್ರ ಗೊತ್ತಿದ್ದರೆ ತಿಳಿಸಿ. ಟಿಕೆಟ್ ಇಲ್ಲದಿದ್ದರೂ ಚಿತ್ರ ಮಾಡಿದವರ ಅನುಮತಿ ಕೇಳಿಯೇ ತೋರಿಸುತ್ತೇವೆ. ಸುಮ್ನೆ ಡೌನ್‌ಲೋಡ್ ಮಾಡಿ ಹಾಕಲು ಮನಸ್ಸಿಲ್ಲ. ಹಾಗೆ ಕೇಳಿದ ಅನುಭವ ಇರುವವರು ಪತ್ರ ಹೇಗೆ ಬರೆದಿರಿ, ಹೇಳುತ್ತೀರಾ? ಚಿತ್ರದ ನಂತರ ಮಾತುಕತೆ ನಡೆಸಲು, ಹೊಲದಲ್ಲಿ ದುಡಿಯುವವರೇ ಯಾರಾದರೂ ಬಂದರೆ ತುಂಬಾ ಖುಷಿ.